ಡೈಮಂಡ್ ಪ್ರಿನ್ಸೆಸ್ ಹಡಗು ಅಸಲಿಗೆ ಸಫೈರ್ ಪ್ರಿನ್ಸೆಸ್ಸಾ? ಈ ಹೆಸರು ಅದಲುಬದಲು ಕಥೆ ಗೊತ್ತಿರೋರು ಹೇಳ್ರಪ್ಪ

ನಿದ್ದೆಗೆಟ್ಟವನು:
ಎಲ್ರಿಗೂ ನಮಸ್ಕಾರ. 2020ರ ಫೆಬ್ರವರೀಲಿ ಕೊರೊನಾ ಅಂತ ಜಪಾನಿನ ಯೊಕೊಹಾಮಾದಲ್ಲಿ ನಿಲ್ಸಿದ್ರಲ್ಲ ಆ ಡೈಮಂಡ್ ಪ್ರಿನ್ಸೆಸ್ ಹಡಗು ಎಲ್ರಿಗೂ ನೆನಪಿರುತ್ತೆ, ಟಿವಿ ಹಾಕಿದ್ರೆ ಅದೇ, ಮೊಬೈಲ್ ತೆಗೆದ್ರೆ ಅದೇ. ನಿನ್ನೆ ರಾತ್ರಿ ನಿದ್ದೆ ಬರ್ದೆ ಅದರದ್ದೇ ಒಂದು ವಿಡಿಯೋ ನೋಡ್ತಾ ಇದ್ದೆ, ಕೆಳಗೆ ಕಾಮೆಂಟಲ್ಲಿ ಒಬ್ಬ "ಈ ಹಡಗು ಕಟ್ಟೋವಾಗ್ಲೇ ಸುಟ್ಟು ಕರಕಲಾಗಿತ್ತು, ಶಾಪ ತಗಲಿರೋ ಹಡಗು" ಅಂತ ಹಾಕಿದ್ದ, ಅದಕ್ಕೆ ಇನ್ನೊಬ್ಬ "ಸುಟ್ಟಿದ್ದು ಇದಲ್ಲ ಕಣೋ, ಇದು ಡೈಮಂಡೇ ಅಲ್ಲ, ಇದು ಸಫೈರು" ಅಂತ, ಆಮೇಲೆ ಇಬ್ರೂ ಐವತ್ತು ಕಾಮೆಂಟು ಬೈದಾಡ್ಕೊಂಡಿದಾರೆ, ಕೊನೇವರೆಗೂ ಓದಿದ್ರೂ ಯಾರು ಸರಿ ಅಂತ ಗೊತ್ತಾಗ್ಲಿಲ್ಲ.

ನಂಗೆ ಬೇಕಾಗಿರೋದು ಇಷ್ಟೇ. ಸುಟ್ಟಿದ್ದು ಯಾವ್ದು? ಹೆಸರು ಹಂಗೆ ಸುಮ್ನೆ ಬದಲಾಯಿಸ್ಬೋದಾ, ದಾಖಲೆಗೆಲ್ಲ ಏನು ಮಾಡ್ತಾರೆ? ಅರ್ಧ ಸುಟ್ಟಿರೋ ಹಡಗನ್ನ ರಿಪೇರಿ ಮಾಡಿ ಜನರನ್ನ ಕೂರಿಸ್ತಾರಾ? ಇನ್ನೊಂದು, ಅದರ ತೂಕ 1,15,875 ಟನ್ ಅಂತ ಆ ವಿಡಿಯೋದವನು ಹೇಳಿದ, ಅಷ್ಟು ಭಾರ ಇರುತ್ತಾ ನಿಜವಾಗ್ಲೂ?

ಹಳೇ_ಲಂಗರು:
ಇಬ್ರೂ ಅರ್ಧರ್ಧ ಸರಿ, ಅದಕ್ಕೇ ಜಗಳ ಮುಗ್ದಿಲ್ಲ. ಸುಟ್ಟಿದ್ದು ಡೈಮಂಡ್ ಪ್ರಿನ್ಸೆಸ್ ಅಂತ ಹೆಸರಿಟ್ಕೊಂಡಿದ್ದ ಹಡಗೇ, ಆದ್ರೆ ಇವತ್ತು ಡೈಮಂಡ್ ಪ್ರಿನ್ಸೆಸ್ ಅಂತ ಓಡಾಡ್ತಿರೋ ಹಡಗಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದೋ ತಾಳ್ಮೆ ಇದ್ರೆ ಓದಿ.

2000ನೇ ಇಸವೀಲಿ ಬ್ರಿಟನ್ನಿನ ಹಡಗು ಕಂಪನಿ ಪಿ ಅಂಡ್ ಓ ಗುಂಪಿನವ್ರು ತಮ್ಮ ಪ್ರವಾಸಿ ಹಡಗು ವಿಭಾಗ ಪ್ರಿನ್ಸೆಸ್ ಕ್ರೂಸಸ್‌ಗೆ ಅಂತ ಎರಡು ಅವಳಿ ಹಡಗುಗಳಿಗೆ ಆರ್ಡರ್ ಕೊಟ್ರು, ಜಪಾನಿನ ನಾಗಾಸಾಕಿಯ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಅವ್ರ ಹಡಗು ಕಟ್ಟೋ ಯಾರ್ಡಿಗೆ. ಅಲ್ಲಿವರೆಗೂ ಈ ಸೈಜಿನ ಕ್ರೂಸ್ ಹಡಗು ಅಂದ್ರೆ ಇಟಲಿ, ಫಿನ್ಲೆಂಡ್, ಫ್ರಾನ್ಸ್, ಜರ್ಮನಿ, ಈ ನಾಲ್ಕೇ ದೇಶದ ಮಾತು. ಮಿತ್ಸುಬಿಷಿಯವ್ರು 1990ರಲ್ಲಿ ಕ್ರಿಸ್ಟಲ್ ಹಾರ್ಮನಿ ಅಂತ ಒಂದನ್ನ ಕಟ್ಟಿದ್ರು, ಆದ್ರೆ ಅದು 50 ಸಾವಿರ ಟನ್ನಿನ ಆಸುಪಾಸು, ಇದು ಅದರ ಎರಡು ಪಟ್ಟಿಗಿಂತ ದೊಡ್ಡದು. ಯಾರ್ಡಿನ ಲೆಕ್ಕದಲ್ಲಿ ಒಂದರ ನಂಬರು 2180, ಇನ್ನೊಂದು 2181. ಮೊದಲನೇದು ಡೈಮಂಡ್, ಎರಡನೇದು ಸಫೈರ್ ಅಂತ ನಿಗದಿ ಆಗಿತ್ತು.

2180 ಅಂದ್ರೆ ಆಗಿನ ಡೈಮಂಡು 2002ರ ಮೇ ತಿಂಗಳಲ್ಲಿ ನೀರಿಗಿಳೀತು. ಇಲ್ಲಿ ತುಂಬಾ ಜನ ಎಡವ್ತಾರೆ, ನೀರಿಗಿಳಿದ ಕೂಡ್ಲೇ ಹಡಗು ರೆಡಿ ಅಂತ. ಇಲ್ಲ, ಆಗಿನ್ನೂ ಅದು ತೇಲೋ ಕಬ್ಬಿಣದ ಡಬ್ಬ. ಅಲ್ಲಿಂದಾಚೆಗೆ ಒಂದು ವರ್ಷ ದಕ್ಕೆಗೆ ಕಟ್ಟಿ ಒಳಗಿನ ಕೆಲಸ ನಡೆಯುತ್ತೆ, ವೈರಿಂಗು, ಪೈಪು, ಎಸಿ ಡಕ್ಟು, ಗೋಡೆ, ಕಾರ್ಪೆಟ್ಟು, ಅಡುಗೆಮನೆ, ಥಿಯೇಟರು ಎಲ್ಲ. 2003ರ ಜುಲೈನಲ್ಲಿ ಕಂಪನಿಗೆ ಒಪ್ಪಿಸ್ಬೇಕಿತ್ತು.

2002ರ ಅಕ್ಟೋಬರ್ 1ರ ಸಂಜೆ ಬೆಂಕಿ ಬಿತ್ತು. ನಾಲ್ಕನೇ ಡೆಕ್ಕಿನ ಚಾವಣಿಗೆ ಏನೋ ಒಂದು ಸಣ್ಣ ಕಬ್ಬಿಣದ ಫಿಟ್ಟಿಂಗು ವೆಲ್ಡ್ ಮಾಡ್ತಿದ್ರು. ಆ ಚಾವಣಿ ಅಂದ್ರೆ ಮೇಲಿನ ಐದನೇ ಡೆಕ್ಕಿನ ನೆಲ, ನಡುವೆ ಇರೋದು ಬರೀ ಒಂದು ಉಕ್ಕಿನ ಹಾಳೆ. ಕೆಳಗಿಂದ ಹಿಡಿದ ಕಾವು ಹಾಳೆ ದಾಟಿ ಮೇಲಿನ ರೂಮಲ್ಲಿ ಇಟ್ಟಿದ್ದ ಸಾಮಾನಿಗೆ ಹತ್ಕೊಳ್ತು. ವೆಲ್ಡ್ ಮಾಡ್ತಿದ್ದವನಿಗೆ ಮೇಲೆ ಏನಾಗ್ತಿದೆ ಅಂತ ಕಾಣೋದೇ ಇಲ್ಲ ನೋಡಿ. ಸುಮಾರು 36 ಗಂಟೆ ಉರೀತು, ಒಳಗಿನ ಜಾಗದಲ್ಲಿ ಹತ್ತತ್ರ ಶೇಕಡಾ 40 ಹಾಳಾಯ್ತು. ಪುಣ್ಯಕ್ಕೆ ಯಾರೂ ಸಾಯ್ಲಿಲ್ಲ.

ಈಗ ಕಂಪನಿಯವ್ರ ತಲೆನೋವು ಯೋಚ್ನೆ ಮಾಡಿ. ಡೈಮಂಡ್ ಪ್ರಿನ್ಸೆಸ್ ಅಂತ ಹೆಸರು ಹಾಕಿ ಟಿಕೆಟ್ ಮಾರಾಟ ಶುರುವಾಗಿದೆ, ಜಾಹೀರಾತು ಹೊರಟುಹೋಗಿದೆ, ಹಡಗು ನೋಡಿದ್ರೆ ಕರಕಲು. ಪಕ್ಕದಲ್ಲೇ ತಂಗಿ ಹಡಗು 2181 ಕಟ್ತಾ ಇದಾರೆ, ಅದು ಹೇಗಿದ್ರೂ ಇದಕ್ಕಿಂತ ಮುಂಚೆ ಮುಗಿಯುತ್ತೆ. ಸರಿ, ಅದಕ್ಕೇ ಡೈಮಂಡ್ ಅಂತ ಇಟ್ಬಿಡಿ, ಸುಟ್ಟಿರೋದನ್ನ ನಿಧಾನಕ್ಕೆ ಸರಿಮಾಡಿ ಸಫೈರ್ ಅಂತ ಕೊಡಿ ಅಂದ್ರು. ಹಂಗಾಗಿ 2181 ಡೈಮಂಡ್ ಪ್ರಿನ್ಸೆಸ್ ಆಗಿ 2004ರ ಫೆಬ್ರವರೀಲಿ ಬಂತು, 2180 ಸಫೈರ್ ಪ್ರಿನ್ಸೆಸ್ ಆಗಿ ಅದೇ ವರ್ಷ ಮೇನಲ್ಲಿ ಬಂತು. ಅಕ್ಕ ಹೋಗಿ ತಂಗಿ ಆದ್ಲು, ತಂಗಿ ಅಕ್ಕ ಆದ್ಲು.

ಅಷ್ಟರಲ್ಲಿ ಮಾಲೀಕರೂ ಬದಲಾಗಿದ್ರು ಅನ್ನೋದು ಬೇರೆ. 2003ರ ಏಪ್ರಿಲ್‌ನಲ್ಲಿ ಪಿ ಅಂಡ್ ಓ ಪ್ರಿನ್ಸೆಸ್ ಅಮೆರಿಕದ ಕಾರ್ನಿವಲ್ ಕಂಪನಿ ಜೊತೆ ಸೇರಿಹೋಯ್ತು. ಆರ್ಡರ್ ಕೊಟ್ಟವ್ರು ಒಬ್ರು, ಹಡಗು ತಗೊಂಡವ್ರು ಇನ್ನೊಬ್ರು ಅಂದ ಹಾಗೆ.

ಟನ್ನೇಜ್_ತಾತ:
ಟನ್ ಪ್ರಶ್ನೆ ನಾನು ತಗೋತೀನಿ, ಯಾಕಂದ್ರೆ ಈ ತಪ್ಪು ನೋಡಿದ್ರೆ ನಂಗೆ ಮೈ ಉರಿಯುತ್ತೆ. 1,15,875 ತೂಕ ಅಲ್ಲಾ ಮಾರಾಯ್ರೆ. ಅದು ಗ್ರಾಸ್ ಟನ್ನೇಜ್, ಹಡಗಿನ ಒಳಗೆ ಮುಚ್ಚಿರೋ ಜಾಗ ಒಟ್ಟು ಎಷ್ಟಿದೆ ಅನ್ನೋದನ್ನ ಒಂದು ಸೂತ್ರಕ್ಕೆ ಹಾಕಿ ತೆಗೆಯೋ ಸಂಖ್ಯೆ, ಆ ಸಂಖ್ಯೆ ಜೊತೆ ಕಿಲೋ, ಟನ್ ಅಂತ ಏನೂ ಸೇರಿಸೋ ಹಾಗೇ ಇಲ್ಲ. ಹಡಗು ನಿಜವಾಗ್ಲೂ ಎಷ್ಟು ಭಾರ ಅಂತ ಬೇಕಿದ್ರೆ ಅದು ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೆ ಅಂತ ನೋಡ್ಬೇಕು, ಕ್ರೂಸ್ ಹಡಗುಗಳಲ್ಲಿ ಆ ಲೆಕ್ಕ ಗ್ರಾಸ್ ಟನ್ನೇಜಿಗಿಂತ ಎಷ್ಟೋ ಕಮ್ಮಿ ಬರುತ್ತೆ, ಯಾಕಂದ್ರೆ ಒಳಗೆ ಇರೋದೆಲ್ಲ ರೂಮು, ಹಾಲು, ಗಾಳಿ. ಅದೇ ಅದಿರು ತುಂಬಿರೋ ಹಡಗಿಗೆ ಉಲ್ಟಾ.

ಹೋಲಿಸೋಕೆ ಮಾತ್ರ ಈ ನಂಬರು ಚೆನ್ನಾಗಿದೆ. ಟೈಟಾನಿಕ್ 46 ಸಾವಿರದ ಚಿಲ್ಲರೆ, ಡೈಮಂಡ್ 1,15,875, 2024ರಲ್ಲಿ ಬಂದ ಐಕಾನ್ ಆಫ್ ದ ಸೀಸ್ 2,48,663. ಅಂದ್ರೆ ನಿಮ್ಮ ಡೈಮಂಡು ಈಗಿನ ಲೆಕ್ಕದಲ್ಲಿ ಮಧ್ಯಮ ಸೈಜು. ಉದ್ದ 290 ಮೀಟರ್, ಅಗಲ ಮೂವತ್ತೇಳೂವರೆ ಮೀಟರ್. ಈ ಅಗಲ ನೆನಪಿಟ್ಕೊಳ್ಳಿ, ಪನಾಮ ಕಾಲುವೆಯ ಹಳೇ ಗೇಟುಗಳಲ್ಲಿ 32 ಮೀಟರಿಗಿಂತ ಸ್ವಲ್ಪ ಜಾಸ್ತಿ ಇರೋದಷ್ಟೇ ತೂರ್ತಿತ್ತು. ಅಂದ್ರೆ ಕಟ್ಟುವಾಗ್ಲೇ ಕಾಲುವೆ ಬೇಡ ಅಂತ ತೀರ್ಮಾನ ಮಾಡಿದ್ರು, ಇವು ಪೆಸಿಫಿಕ್ ಕಡೆಗೇ ಅಂತ ಇಟ್ಕೊಂಡಿದ್ದು. 2016ರಲ್ಲಿ ದೊಡ್ಡ ಗೇಟು ಬಂದ್ಮೇಲೆ ಆ ತೊಂದರೆ ಹೋಯ್ತು.

ನಿದ್ದೆಗೆಟ್ಟವನು:
ಲಂಗರು ಸರ್, ಬೆಂಕಿ ಆ ಮಟ್ಟಕ್ಕೆ ಹೋಗೋ ತನಕ ಸ್ಪ್ರಿಂಕ್ಲರು, ಫೈರ್ ಡೋರು ಏನ್ ಮಾಡ್ತಿದ್ವು? ಹಡಗಲ್ಲಿ ಅದೆಲ್ಲ ಕಡ್ಡಾಯ ಅಲ್ವಾ? ತಾತ, ಟನ್ ವಿಷ್ಯಕ್ಕೆ ಥ್ಯಾಂಕ್ಸು, ಮೈ ಉರಿಸಿದ್ದಕ್ಕೆ ಸಾರಿ.

ಕಿಡಿಗಾರ:
ಇದಕ್ಕೆ ನಾ ಹೇಳ್ತೇನ್ರೀ, ನಾ ಹನ್ನೊಂದು ವರ್ಷ ಹಡಗು ರಿಪೇರಿ ಯಾರ್ಡಿನ್ಯಾಗ ವೆಲ್ಡಿಂಗ್ ಸೂಪರ್ವೈಸರ್ ಇದ್ದೆ. ಕಡ್ಡಾಯ ಹೌದು, ಆದ್ರ ಅದು ಮುಗಿದ ಹಡಗಿಗೆ. ಕಟ್ಟೂ ಮುಂದ ಹಡಗು ಅಂದ್ರ ಬಾಗಿಲಿಲ್ಲದ ಹದಿನೆಂಟಂತಸ್ತಿನ ಕಟ್ಟಡ ಇದ್ದಂಗ. ಸ್ಪ್ರಿಂಕ್ಲರ್ ಪೈಪಿಗೆ ಇನ್ನೂ ನೀರು ಬಂದಿರಂಗಿಲ್ಲ. ಫೈರ್ ಡೋರ್ ಹಚ್ಚಿದ್ರೂ ಮುಚ್ಚಾಕ ಬರಂಗಿಲ್ಲ, ಯಾಕಂದ್ರ ಅದರೊಳಗ ವೆಲ್ಡಿಂಗ್ ಕೇಬಲ್ಲು, ಗ್ಯಾಸ್ ಹೋಸು, ಗಾಳಿ ಪೈಪು, ಲೈಟಿನ ವಯರು ಹಾದು ಹೋಗಿರ್ತಾವು. ಒಳಗ ನೋಡಿದ್ರ ಎಲ್ಲಾ ಕಡೆ ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಹೊದಿಕಿ, ಪೇಂಟು, ಪ್ಲೈವುಡ್ಡು, ಹಾಸಿಗಿ. ಒಂದು ಮೂಲ್ಯಾಗ ಹೊಗಿ ಎದ್ರ ಹತ್ತು ನಿಮಿಷದಾಗ ಯಾರಿಗೂ ಯಾವ ಕಡೆ ಹೋಗ್ಬೇಕು ತಿಳಿಯಂಗಿಲ್ಲ.

ಅದಕ್ಕಂತನ ಹಾಟ್ ವರ್ಕ್ ಪರ್ಮಿಟ್ ಅಂತ ಇರೋದು. ಕಿಡಿ ಹಾರೂ ಕೆಲಸ ಅಂದ್ರ ಚೀಟಿ ತಗೊಂಡು, ಹಾಳಿಯ ಆ ಕಡೆ ಏನೈತಿ ನೋಡಿ, ಅಲ್ಲೊಬ್ಬ ಮನಷ್ಯಾನ್ನ ನೀರು ಇಲ್ಲಾ ಸಿಲಿಂಡರ್ ಕೊಟ್ಟು ನಿಂದರಿಸಿ, ಕೆಲಸ ಮುಗದ ಮ್ಯಾಲೂ ಅರ್ಧ ತಾಸು ಕಾಯಿಸಬೇಕು. ಆ ಕಡೆ ನಿಂದ್ರುವಂವನ ಕೆಲಸ ಭಾಳ ಬ್ಯಾಸರದ್ದು, ಏನೂ ಆಗಂಗಿಲ್ಲ, ಸುಮ್ನ ನಿಂದ್ರುದು. ಹಿಂಗಾಗಿ ಕೆಲಸ ತಡ ಆದಾಗ ಎಲ್ಲಾಕ್ಕಿಂತ ಮೊದಲ ತೆಗಿಯೂದು ಆ ಮನಷ್ಯಾನ್ನ. ನಾನೂ ಒಮ್ಮೆ ತಗದಿದ್ದೆ ರೀ, ಸುಳ್ಳು ಯಾಕ ಹೇಳ್ಲಿ. ಮ್ಯಾಲಿನ ರೂಮಿನ್ಯಾಗ ಒಂದು ಗೋಣಿಚೀಲ ಹೊಗ್ಯಾಡಾಕತ್ತಿತ್ತು, ಯಾರೋ ಪೇಂಟರ್ ಹುಡುಗ ನೋಡಿ ಕಾಲಿಲೆ ತುಳದು ಆರಿಸಿದ. ಅವತ್ತ ರಾತ್ರಿ ಊಟ ಇಳೀಲಿಲ್ಲ ನನಗ. ನಾಗಾಸಾಕಿಯೊಳಗ ಆ ಪೇಂಟರ್ ಹುಡುಗ ಇರಲಿಲ್ಲ, ಅಷ್ಟ ಫರಕು.

ಹಳೇ_ಲಂಗರು:
ಕಿಡಿಗಾರ ಅವ್ರೆ, ಇದಕ್ಕಿಂತ ಚೆನ್ನಾಗಿ ಹೇಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ.

ರಿಪೇರಿ ಬಗ್ಗೆ ಕೇಳಿದ್ರಲ್ಲ, ಸುಟ್ಟ ಜಾಗಕ್ಕೆ ಪೇಂಟ್ ಹೊಡೆದು ಕೊಟ್ರು ಅಂತ ಅಂದ್ಕೋಬೇಡಿ. ಹಡಗನ್ನ ಕಟ್ಟೋದೇ ಬ್ಲಾಕ್ ಲೆಕ್ಕದಲ್ಲಿ, ದೊಡ್ಡ ದೊಡ್ಡ ಉಕ್ಕಿನ ತುಂಡುಗಳನ್ನ ಶೆಡ್ಡಲ್ಲಿ ಮಾಡಿ ಕ್ರೇನಲ್ಲಿ ಎತ್ತಿ ಒಂದಕ್ಕೊಂದು ಬೆಸೀತಾರೆ. ಹಂಗಾಗಿ ಕಾವಿಗೆ ಸೊಟ್ಟಗಾದ ಭಾಗ ಕತ್ತರಿಸಿ ತೆಗೆದು ಹೊಸದು ಕೂರಿಸ್ಬೋದು. ಬೆಂಕಿ ತಿಂದಿದ್ದು ಮೇಲ್ಗಡೆ ಜನ ಇರೋ ಡೆಕ್ಕುಗಳನ್ನ, ಕೆಳಗಡೆ ಎಂಜಿನ್ನು, ತಳ ಎಲ್ಲ ಉಳ್ಕೊಂಡಿತ್ತು. ಕ್ಯಾಬಿನ್ನುಗಳು ಹೇಗಿದ್ರೂ ಬೇರೆ ಕಡೆ ಡಬ್ಬಿ ಥರ ರೆಡಿ ಮಾಡಿ, ಬಚ್ಚಲುಮನೆ ನಲ್ಲಿ ಸಮೇತ, ತಂದು ಒಳಗೆ ತಳ್ಳೋದು. ಆಮೇಲೆ ಕ್ಲಾಸಿಫಿಕೇಶನ್ ಸೊಸೈಟಿಯವ್ರು, ಅಂದ್ರೆ ಹಡಗು ಸುರಕ್ಷಿತವಾಗಿದೆಯಾ ಅಂತ ನೋಡೋ ಸಂಸ್ಥೆಯವ್ರು, ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಟ್ಟ ಮೇಲೇ ಸಮುದ್ರಕ್ಕೆ ಬಿಡೋದು. ಸಫೈರ್ ಪ್ರಿನ್ಸೆಸ್ ಅಂದಿನಿಂದ ಇಂದಿನವರೆಗೆ ಇಪ್ಪತ್ತು ವರ್ಷದ ಮೇಲೆ ಓಡಾಡ್ತಾನೇ ಇದೆ. ಸುಟ್ಟಿದ್ದು ಅದು, ಆದ್ರೂ ಅದರ ಹೆಸರು ಯಾರಿಗೂ ಗೊತ್ತಿಲ್ಲ, ಸುದ್ದಿಗೂ ಅಷ್ಟಾಗಿ ಬಂದಿಲ್ಲ. ಶಾಪದ ಥಿಯರಿ ಅಲ್ಲೇ ಮುರಿದುಬೀಳುತ್ತೆ ನೋಡಿ.

ಹರಿಗೋಲು_ಹುಡುಗಿ:
ಶಾಪ ಇದ್ರೆ ಅದು ಹಡಗಿಗಲ್ಲ, ಹೆಸರಿಗೆ ಅಂತ ಆ ಕಾಮೆಂಟಿನವನು ವಾದ ಮಾಡ್ತಾನೆ ನೋಡ್ತಿರಿ 😀 ಡೈಮಂಡ್ ಅನ್ನೋ ಹೆಸರಿದ್ದಾಗ ಒಂದು ಸುಟ್ಟೋಯ್ತು, ಅದೇ ಹೆಸರನ್ನ ಇನ್ನೊಂದಕ್ಕೆ ಅಂಟಿಸಿದ್ರು, ಅದಕ್ಕೆ 2020 ಬಂತು ಅಂತ.

ತಮಾಷೆ ಬಿಟ್ಟು ಹೇಳೋದಾದ್ರೆ ಶಾಪ ತಗಲಿದ್ದು ಯಾರ್ಡಿಗೆ ಅನ್ಸುತ್ತೆ. ನಾಗಾಸಾಕಿಯ ಆ ಯಾರ್ಡು ಸಾಮಾನ್ಯದ್ದಲ್ಲ, ಎರಡನೇ ಮಹಾಯುದ್ಧದ ದೈತ್ಯ ಯುದ್ಧನೌಕೆ ಮುಸಾಶಿ ಅಲ್ಲೇ ಕಟ್ಟಿದ್ದು, ಊರಿನವ್ರಿಗೆ ಕಾಣಬಾರದು ಅಂತ ಸುತ್ತ ನಾರಿನ ಪರದೆ ಇಳಿಬಿಟ್ಟು ಮರೆಮಾಡಿ ಕಟ್ಟಿ 1940ರಲ್ಲಿ ನೀರಿಗಿಳಿಸಿದ್ರು. ಅಲ್ಲಿರೋ 1909ರ ದೊಡ್ಡ ಕ್ರೇನ್ ಈಗ ವಿಶ್ವ ಪರಂಪರೆ ಪಟ್ಟೀಲಿದೆ. ಅಂಥ ಯಾರ್ಡು ಡೈಮಂಡ್, ಸಫೈರ್ ಆದ್ಮೇಲೆ ಸುಮಾರು ವರ್ಷ ಕ್ರೂಸ್ ಹಡಗಿನ ತಂಟೆಗೇ ಹೋಗ್ಲಿಲ್ಲ, ಆಮೇಲೆ 2011ರಲ್ಲಿ ಜರ್ಮನಿಯ ಐಡಾ ಕಂಪನಿಯ ಎರಡು ಹಡಗು ಒಪ್ಕೊಂಡ್ರು. ಡಿಸೈನ್ ಬದಲಾವಣೆ ಮೇಲೆ ಬದಲಾವಣೆ, ಡೆಡ್‌ಲೈನ್ ಮೇಲೆ ಡೆಡ್‌ಲೈನ್, 2016ರ ಜನವರಿ ಒಂದೇ ತಿಂಗಳಲ್ಲಿ ಐಡಾಪ್ರೀಮಾದಲ್ಲಿ ಮೂರು ಸಲ ಸಣ್ಣಪುಟ್ಟ ಬೆಂಕಿ. ಒಟ್ಟು ನಷ್ಟ 20 ಸಾವಿರ ಕೋಟಿ ಯೆನ್ ದಾಟಿತು, ದೊಡ್ಡ ಕ್ರೂಸ್ ಹಡಗಿನ ಸಹವಾಸವೇ ಸಾಕು ಅಂತ ಕೈತೊಳ್ಕೊಂಡ್ರು. ಯುದ್ಧನೌಕೆ, ಟ್ಯಾಂಕರು ಕಟ್ಟೋರಿಗೆ ಇದ್ಯಾಕೆ ಬಗೆಹರೀಲಿಲ್ಲ ಅಂದ್ರೆ ಕ್ರೂಸ್ ಹಡಗು ಅಂದ್ರೆ ಉಕ್ಕಿನ ಕೆಲಸಕ್ಕಿಂತ ಹೋಟೆಲ್ ಕೆಲಸ ಜಾಸ್ತಿ. ಯೂರೋಪಿನ ಯಾರ್ಡುಗಳ ಸುತ್ತ ಬರೀ ಕ್ಯಾಬಿನ್ ಮಾಡೋರು, ಬರೀ ಥಿಯೇಟರ್ ಮಾಡೋರು, ಬರೀ ಅಡುಗೆಮನೆ ಕೂರಿಸೋರು ಅಂತ ದಶಕಗಳಿಂದ ಬೀಡುಬಿಟ್ಟಿದಾರೆ. ಆ ಬಳಗ ರಾತ್ರೋರಾತ್ರಿ ಹುಟ್ಟಲ್ಲ.

ಟನ್ನೇಜ್_ತಾತ:
ಹುಡುಗಿ ಹೇಳಿದ್ದು ನೂರಕ್ಕೆ ನೂರು. ಡೈಮಂಡ್ ಪ್ರಿನ್ಸೆಸ್ಸಿನ ಎಂಜಿನ್ ವ್ಯವಸ್ಥೆ ನೋಡಿದ್ರೂ ಅದೇ ಗೊತ್ತಾಗುತ್ತೆ. ಇದರಲ್ಲಿ ಎಂಜಿನ್ನು ನೇರವಾಗಿ ಪ್ರೊಪೆಲ್ಲರ್ ತಿರುಗಿಸಲ್ಲ. ಡೀಸೆಲ್ ಎಂಜಿನ್ನುಗಳು ಕರೆಂಟ್ ಉತ್ಪಾದನೆ ಮಾಡ್ತವೆ, ಜೊತೆಗೊಂದು ಗ್ಯಾಸ್ ಟರ್ಬೈನ್ ಇದೆ, ಆ ಕರೆಂಟಲ್ಲಿ ಮೋಟರ್ ಓಡಿ ಪ್ರೊಪೆಲ್ಲರ್ ತಿರುಗುತ್ತೆ. ಉಳಿದದ್ದು ಎಸಿ, ಲೈಟು, ಒಲೆ, ಲಿಫ್ಟು, ಲಾಂಡ್ರಿಗೆ. ಬಂದರಲ್ಲಿ ನಿಂತಾಗ್ಲೂ ಎರಡೂವರೆ ಸಾವಿರ ಗಿರಾಕಿಗಳು, ಸಾವಿರ ಸಿಬ್ಬಂದಿ ಇರೋ ಊರಿಗೆ ಕರೆಂಟ್ ಬೇಕಲ್ಲ. ಪವರ್ ಹೌಸ್‌ಗೆ ಪ್ರೊಪೆಲ್ಲರ್ ಕಟ್ಟಿದಾರೆ ಅಂದ್ಕೊಳ್ಳಿ.

ನಿದ್ದೆಗೆಟ್ಟವನು:
ಸೂಪರ್ ಗುರೂ ಎಲ್ಲ. 2004ರಿಂದ 2020ರ ನಡುವೆ ಅದೇನ್ ಮಾಡ್ತಿತ್ತು? ಮತ್ತೆ ಆ ಕ್ವಾರಂಟೈನ್ ಟೈಮಲ್ಲಿ ಒಳಗೆ ನಿಜವಾಗ್ಲೂ ಏನಾಯ್ತು ಅಂತ ಯಾರಾದ್ರೂ ಹೇಳ್ತೀರಾ, ಟಿವಿಯವ್ರು ಹೇಳಿದ್ದರಲ್ಲಿ ಅರ್ಧ ಕೂಗಾಟವೇ ಇತ್ತು.

ಮೆಸ್_ಮೇಟ್:
ನಾನು ಆ ಹಡಗಲ್ಲಿ ಇರ್ಲಿಲ್ಲ, ಬೇರೆ ಕಂಪನಿಯ ಬೇರೆ ಹಡಗಲ್ಲಿ ಊಟದ ವಿಭಾಗದಲ್ಲಿ ಆರು ಕಾಂಟ್ರಾಕ್ಟ್ ಮುಗಿಸಿ ಬಂದಿದೀನಿ. ಅದಕ್ಕೇ ಈ ಸುದ್ದಿ ಬಿಡದೆ ಓದಿದ್ದೆ.

ನಡುವಿನ ವರ್ಷ ಹೇಳೋಕೆ ಹೆಚ್ಚೇನಿಲ್ಲ. ಬೇಸಿಗೇಲಿ ಅಲಾಸ್ಕ, ಮಿಕ್ಕಂತೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಏಷ್ಯಾ. 2014ರ ಸುಮಾರಿಗೆ ಜಪಾನೀ ಗಿರಾಕಿಗಳಿಗೆ ಅಂತ ಸಜ್ಜು ಮಾಡಿ ದೊಡ್ಡ ಜಪಾನೀ ಸ್ನಾನದ ಮನೆ ಕಟ್ಸಿದ್ರು, ಯೊಕೊಹಾಮಾದಿಂದ ಓಡಿಸೋಕೆ ಶುರು ಮಾಡಿದ್ರು. ಹುಟ್ಟಿದ ದೇಶಕ್ಕೇ ವಾಪಸ್ ಬಂದಂಗಾಯ್ತು. ಬಾವುಟ ಮಾತ್ರ ಬ್ರಿಟನ್ನಿಂದು.

2020ರ ಜನವರಿ 20ಕ್ಕೆ ಯೊಕೊಹಾಮಾ ಬಿಟ್ಟಿದ್ದು. 25ಕ್ಕೆ ಹಾಂಗ್‌ಕಾಂಗಲ್ಲಿ ಇಳಿದ 80 ವರ್ಷದ ಒಬ್ರಿಗೆ ಫೆಬ್ರವರಿ 1ಕ್ಕೆ ಪಾಸಿಟಿವ್ ಬಂತು. ಅಷ್ಟರಲ್ಲಿ ಹಡಗು ವಿಯೆಟ್ನಾಂ, ತೈವಾನ್, ಒಕಿನಾವಾ ಎಲ್ಲ ಮುಗಿಸಿತ್ತು. 3ನೇ ತಾರೀಕು ಯೊಕೊಹಾಮಾಗೆ ಬಂತು, 5ಕ್ಕೆ ಪ್ರಯಾಣಿಕರೆಲ್ಲ ಅವರವರ ಕ್ಯಾಬಿನ್ನಲ್ಲೇ ಇರ್ಬೇಕು ಅಂತ ಆಯ್ತು. ಒಟ್ಟು 3,711 ಜನ, ಅದರಲ್ಲಿ 1,045 ಸಿಬ್ಬಂದಿ. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 712 ಪಾಸಿಟಿವ್.

ಟಿವೀಲೆಲ್ಲ ಬಾಲ್ಕನೀಲಿ ನಿಂತ ಪ್ರಯಾಣಿಕರನ್ನೇ ತೋರಿಸಿದ್ರು. ಆದ್ರೆ ಯೋಚ್ನೆ ಮಾಡಿ, ಎರಡೂವರೆ ಸಾವಿರ ಜನ ಬಾಗಿಲು ಹಾಕ್ಕೊಂಡು ಒಳಗಿದ್ರೆ ಮೂರು ಹೊತ್ತು ಊಟ ಬಾಗಿಲಿಗೆ ತಂದಿಟ್ಟವ್ರು ಯಾರು? ಸಿಬ್ಬಂದಿಗೆ ಕ್ವಾರಂಟೈನ್ ಅನ್ನೋದು ಇರ್ಲಿಲ್ಲ, ಇರೋಕೂ ಸಾಧ್ಯ ಇಲ್ಲ. ಕೆಳಗಿನ ಡೆಕ್ಕಲ್ಲಿ ಕಿಟಕಿ ಇಲ್ಲದ ಕ್ಯಾಬಿನ್ನು, ಮೇಲೊಬ್ಬ ಕೆಳಗೊಬ್ಬ ಮಲಗೋದು, ಒಂದೇ ಮೆಸ್ಸಲ್ಲಿ ಎಲ್ರೂ ಊಟ. ನಾನು ಮಲಗ್ತಿದ್ದ ಬಂಕಿಂದ ಕೈ ಚಾಚಿದ್ರೆ ಎದುರಿನ ಗೋಡೆ ಸಿಗ್ತಿತ್ತು, ಅಲ್ಲಿ ಆರಡಿ ದೂರ ಇರಿ ಅಂದ್ರೆ ಎಲ್ಲಿಗೆ ಹೋಗೋದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವ್ರು ಆಮೇಲೆ ಬರೆದ ವರದೀಲಿ ಫೆಬ್ರವರಿ 9ರವರೆಗೆ ಪತ್ತೆಯಾದ 20 ಜನ ಸಿಬ್ಬಂದಿಯಲ್ಲಿ 15 ಜನ ಊಟದ ವಿಭಾಗದವ್ರು ಅಂತ ಇದೆ. ಅದನ್ನ ಓದಿದಾಗ ನಂಗೇನೂ ಆಶ್ಚರ್ಯ ಆಗ್ಲಿಲ್ಲ.

ಆ ಸಿಬ್ಬಂದೀಲಿ 132 ಜನ ಭಾರತೀಯರಿದ್ರು, ಪ್ರಯಾಣಿಕರು 6 ಜನ. ಫೆಬ್ರವರಿ 27ಕ್ಕೆ ಏರ್ ಇಂಡಿಯಾ ವಿಮಾನದಲ್ಲಿ 119 ಭಾರತೀಯರು ದೆಹಲಿಗೆ ಬಂದ್ರು. ಮಾರ್ಚ್ 1ಕ್ಕೆ ಕ್ಯಾಪ್ಟನ್ ಜೆನ್ನಾರೊ ಆರ್ಮಾ ಎಲ್ರಿಗಿಂತ ಕೊನೇಲಿ ಇಳಿದ್ರು, ಸೂಟ್‌ಕೇಸ್ ಎಳ್ಕೊಂಡು ಒಬ್ರೇ ನಡೆದು ಬರೋ ಫೋಟೋ ನೋಡಿರ್ತೀರ. ಬ್ರಿಟನ್ ಬಾವುಟ, ಅಮೆರಿಕದ ಕಂಪನಿ, ಜಪಾನಿನ ದಕ್ಕೆ, ಹಿಂಗಿರೋವಾಗ ಜವಾಬ್ದಾರಿ ಯಾರದ್ದು ಅಂತ ಆಮೇಲೆ ಬಹಳ ಚರ್ಚೆ ಆಯ್ತು. ಕೆಳಗಿನ ಡೆಕ್ಕಿನವ್ರಿಗೆ ಅದೆಲ್ಲ ಯಾವ ಲೆಕ್ಕ ಬಿಡಿ.

ಆಮೇಲೆ ಎರಡು ವರ್ಷದ ಮೇಲೆ ಹಡಗು ಸುಮ್ನೆ ನಿಂತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಡಿಯಾಗೋದಿಂದ ಮತ್ತೆ ಶುರು, 2023ರ ಮಾರ್ಚ್‌ನಲ್ಲಿ ಜಪಾನಿಗೆ ವಾಪಸ್. ಹೆಸರು ಬದಲಾಯಿಸ್ತಾರೆ ಅಂದ್ಕೊಂಡಿದ್ದೆ ನಾನು, ಬದಲಾಯಿಸ್ಲಿಲ್ಲ.

ಹಳೇ_ಲಂಗರು:
ಹೆಸರಿನ ಪ್ರಶ್ನೆಗೆ ಉತ್ತರ ಬಾಕಿ ಇತ್ತು, ಮರ್ತೇಬಿಟ್ಟಿದ್ದೆ. ಹೆಸರು, ಬಾವುಟ, ಮಾಲೀಕ ಎಲ್ಲ ಬದಲಾಗ್ಬೋದು, ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್ ಅಂತ ಏಳಂಕಿ ಒಂದು ಇರುತ್ತೆ, ಅದು ಹಡಗಿನ ದೇಹಕ್ಕೆ ಅಂಟಿದ್ದು, ಗುಜರಿಗೆ ಹೋಗೋವರೆಗೂ ಬದಲಾಗಲ್ಲ. ಈಗಿನ ಸಫೈರ್‌ದು 9228186, ಈಗಿನ ಡೈಮಂಡ್‌ದು 9228198. ಕ್ರಮ ನೋಡಿ, ಸಫೈರ್‌ದು ಮೊದಲು ಬರುತ್ತೆ, ಯಾಕಂದ್ರೆ ಹುಟ್ಟಿನಲ್ಲಿ ಅದೇ ಅಕ್ಕ. ಪ್ರಯಾಣಿಕ ಹಡಗಾದ್ರೆ ಆ ನಂಬರು ಆಕಾಶದಿಂದ ನೋಡಿದ್ರೂ ಕಾಣೋ ಹಾಗೆ ಮೇಲ್ಗಡೆ ಬರೀಬೇಕು ಅಂತ ರೂಲ್ ಇದೆ.

ನಿದ್ದೆಗೆಟ್ಟವನು:
ಲಂಗರು ಸರ್, ಈ ಎರಡು ನಂಬರ್ ತಗೊಂಡೋಗಿ ಆ ವಿಡಿಯೋ ಕೆಳಗೆ ಹಾಕಿ "ನೀವಿಬ್ರೂ ಅರ್ಧರ್ಧ ಸರಿ" ಅಂತ ಬರೆದೆ. ಈಗ ಇಬ್ರೂ ಒಟ್ಟಾಗಿ ನನ್ನ ಬೈತಿದಾರೆ.

ಹರಿಗೋಲು_ಹುಡುಗಿ:
😂😂 ಲಿಂಕ್ ಕಳ್ಸಿ, ತಾತನ್ನ ಕರ್ಕೊಂಡು ಬರ್ತೀನಿ.